ಮೇಡಂ ಬೆರ್ತಿಲ್ ಕುಲಿಬಾಲಿ ಆದದ್ದು

ಚಳಿಗಾಲದ ಒಂದು ಬೆಳಿಗ್ಗೆ. ಮರಳುಗಾಡಿನ ಕಡೆಯಿಂದ ಧೂಳುಗಾಳಿ ಬೀಸುತ್ತಿತ್ತು. ಹೊತ್ತೇರಿದರೂ ಬಮಾಕೊ ಪಟ್ಟಣದ ಮೇಲೆ ಸೂರ್ಯ ತೊಳೆಯದ ತಟ್ಟೆಯ ಹಾಗೆ ಮಂಕಾಗಿದ್ದ. ಮಿಸಿರಾ ಬೀದಿಯ ಕುಲಿಬಾಲಿಯವರ ಅಂಗಳದಲ್ಲಿ ಹತ್ತು ವರ್ಷದ ಸಾರನ್, ಮನೆಗೆ ಬಂದ ಅತಿಥಿಯ ಎಡಗೈಯನ್ನು ಬೆನ್ನ ಹಿಂದೆ ಬಿಗಿಯಾಗಿ ಕಟ್ಟುತ್ತಿದ್ದಳು.

"ಸ್ವಲ್ಪ ಸಡಿಲ ಮಾಡಮ್ಮ," ಅಂದರು ಮೇಡಂ ಬೆರ್ತಿಲ್.

"ಆಗಲ್ಲ ಮೇಡಂ. ಸಡಿಲ ಬಿಟ್ರೆ ಅದು ಮತ್ತೆ ಈಚೆ ಬರುತ್ತೆ."

ಮೇಡಂ ಬೆರ್ತಿಲ್ ಎಡಚರು. ಹಿಂದಿನ ಸಂಜೆ ಬಂದಿಳಿದ ಕೂಡಲೇ, ತಂದಿದ್ದ ಚಾಕೊಲೇಟ್ ಡಬ್ಬಿಯನ್ನು ಎಡಗೈಯಲ್ಲೇ ನ್ಯೆಲೆ ಅಜ್ಜಿಯ ಮುಂದೆ ಹಿಡಿದಿದ್ದರು. ಅಜ್ಜಿ ಡಬ್ಬಿಯನ್ನು ನೋಡುವ ಬದಲು ಆಕಾಶ ನೋಡುತ್ತಾ ಕೂತಳು. ಎಡಗೈಯಲ್ಲಿ ಕೊಟ್ಟದ್ದನ್ನು ತಗೊಳ್ಳುವ ಹಾಗಿಲ್ಲ. ಅತಿಥಿ ತಂದದ್ದನ್ನು ಬೇಡ ಅನ್ನುವ ಹಾಗೂ ಇಲ್ಲ. ಆ ಹೊತ್ತಿಗೆ ಸಾರನ್ ಓಡಿ ಬಂದು, ಡಬ್ಬಿಯನ್ನು ಮೇಡಂ ಅವರ ಬಲಗೈಗೆ ದಾಟಿಸಿದ ಮೇಲೇ ಅಜ್ಜಿಯ ಕಣ್ಣು ಭೂಮಿಗೆ ಇಳಿದದ್ದು.

ಮೇಡಂ ಬೆಲ್ಜಿಯಂ ದೇಶದವರು. ಮೂವತ್ತು ವರ್ಷ ಸ್ಕೂಲ್ ಟೀಚರ್ ಆಗಿದ್ದು ಈಗ ನಿವೃತ್ತಿಯಾಗಿದ್ದರು. ಸಾರನ್‌ನ ದೊಡ್ಡಪ್ಪನ ಮಗ ಅವರ ಊರಿನಲ್ಲಿ ಓದುತ್ತಿದ್ದ. ಅವನಿಗೆ ಜ್ವರ ಬಂದಾಗ ಪಕ್ಕದ ಮನೆಯಿಂದ ಸೂಪ್ ತಂದು ಕುಡಿಸಿದವರು ಇವರೇ. "ನಮ್ಮೂರಿಗೆ ಹೋದರೆ ನಮ್ಮನೇಲೇ ಇರಬೇಕು," ಎಂದು ಅವನು ಹೇಳಿದ್ದ. ಆ ಮಾತು ಹಿಡಿದು ಮೇಡಂ ಬಂದಿದ್ದರು.

ಬರುವಾಗ ಒಂದು ದಪ್ಪ ಗೈಡ್ ಬುಕ್ ತಂದಿದ್ದರು. ರಾಜಧಾನಿಗೆ ಬರುವ ಟೂರಿಸ್ಟುಗಳಿಗೆ ಉಪಯುಕ್ತ ಸಲಹೆಗಳು ಎಂದು ಅದರಲ್ಲೊಂದು ಪಾಠವೇ ಇತ್ತು. ಅದು ಸಾರನ್‌ಗೆ ಸ್ವಲ್ಪವೂ ಹಿಡಿಸಿರಲಿಲ್ಲ.

"ನೀರು ಕುದಿಸಿ ಕುಡಿಯಿರಿ, ಟೋಪಿ ಹಾಕಿಕೊಳ್ಳಿ, ಅಪರಿಚಿತರನ್ನು ನಂಬಬೇಡಿ," ಮೇಡಂ ಹಿಂದಿನ ರಾತ್ರಿ ಓದಿ ಹೇಳಿದ್ದರು.

"ಅಷ್ಟೇನಾ?" ಸಾರನ್ ಮೂಗು ಮುರಿದಿದ್ದಳು. "ಇದನ್ನು ಬರೆದೋರು ಬಮಾಕೊಗೆ ಬಂದೇ ಇಲ್ಲ ಮೇಡಂ. ಏರ್‌ಪೋರ್ಟಿಂದನೇ ವಾಪಸ್ ಹೋಗಿರ್ತಾರೆ. ಬಿಡಿ, ನಾನು ಹೇಳ್ತೀನಿ."

ಹಾಗೆ ಶುರುವಾಗಿತ್ತು ಪಾಠ. ಮೇಡಂ ಫ್ರೆಂಚ್ ಮಾತಾಡುತ್ತಿದ್ದರು. ಸಾರನ್ ಸ್ಕೂಲಿನಲ್ಲಿ ಫ್ರೆಂಚ್ ಕಲಿತಿದ್ದಳು. ಪೇಟೆಯಲ್ಲಿ ಟ್ಯಾಕ್ಸಿಯವರಿಗೂ ಅಂಗಡಿಯವರಿಗೂ ಫ್ರೆಂಚ್ ಬರುತ್ತಿತ್ತು; ಅಜ್ಜಿಗೆ ಮಾತ್ರ ಊರಿನ ಮಾತು ಬಂಬಾರ ಬಿಟ್ಟು ಬೇರೆ ಬಾರದು. ಆದ್ದರಿಂದ ಅವರಿಬ್ಬರ ಎಲ್ಲ ಮಾತೂ ಸಾರನ್‌ನ ಬಾಯಿಂದಲೇ ಹಾದುಹೋಗಬೇಕಿತ್ತು. ಅದು ಅವಳಿಗೆ ತುಂಬಾ ಖುಷಿ ಕೊಟ್ಟಿತ್ತು.

"ಈಗ ನಮಸ್ಕಾರದ ಪಾಠ," ಅಂದಳು ಸಾರನ್, ಕಟ್ಟಿದ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ. "ನಾನು ಅಂಗಡಿಯವಳು. ನೀವು ಬಂದ್ರಿ. ಏನಂತೀರಿ?"

"ಆ ಬಾಳೆಹಣ್ಣು ಹೇಗೆ ಅಂತ ಕೇಳುತ್ತೇನೆ."

"ಅಯ್ಯೋ ಮೇಡಂ! ಮೊದಲು ರಾತ್ರಿ ನಿದ್ದೆ ಬಂತಾ ಅಂತ ಕೇಳ್ಬೇಕು. ಆಮೇಲೆ ಗಂಡ ಹೇಗಿದಾನೆ, ಮಕ್ಕಳು ಹೇಗಿದಾರೆ, ಅಮ್ಮ ಹೇಗಿದಾರೆ. ಆಮೇಲೆ ಅವಳು ನಿಮ್ಮನ್ನ ಕೇಳ್ತಾಳೆ. ಎಲ್ಲಾ ಮುಗಿದ ಮೇಲೆ ಬಾಳೆಹಣ್ಣು."

"ಅಷ್ಟರಲ್ಲಿ ಬಾಳೆಹಣ್ಣು ಕೊಳೆಯುವುದಿಲ್ಲವೇ?"

"ಕೊಳೆತ್ರೆ ಬೇರೆ ಕೊಡ್ತಾಳೆ. ಈಗ ಹೇಳಿ, ನಿಮ್ಮ ಮಕ್ಕಳು ಹೇಗಿದಾರೆ?"

"ನನಗೆ ಮಕ್ಕಳಿಲ್ಲವಲ್ಲ."

"ಇಲ್ಲದಿದ್ರೂ ಚೆನ್ನಾಗಿದಾರೆ ಅನ್ಬೇಕು ಮೇಡಂ. ಅವಳೇನು ಬಂದು ನೋಡ್ತಾಳಾ?"

ಮೇಡಂ ಬೆರ್ತಿಲ್ ಜೋರಾಗಿ ನಕ್ಕರು. ಅವರು ಒಳ್ಳೆ ವಿದ್ಯಾರ್ಥಿನಿ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಬಲಗೈಯಲ್ಲಿ ಲೋಟ ಕೊಡುವುದು, ಮೊದಲು ಹೇಳಿದ ಬೆಲೆಗೆ 'ಅಯ್ಯಯ್ಯೋ' ಅಂತ ಎದೆ ಹಿಡಿದುಕೊಳ್ಳುವುದು, ಟೀ ಕೊಟ್ಟರೆ ಮೂರನೆಯ ಲೋಟ ಮುಗಿಯದೆ ಏಳಬಾರದು ಎನ್ನುವುದು, ಎಲ್ಲವನ್ನೂ ಕಲಿತರು. ಜೋಳದ ಮುದ್ದೆಯನ್ನು ಬೆಂಡೆಸಾರಿನಲ್ಲಿ ಅದ್ದಿ, ಬೆರಳಿನಿಂದ ಜಾರುವ ಮೊದಲೇ ನುಂಗುವುದಕ್ಕೆ ಮಾತ್ರ ಸ್ವಲ್ಪ ಹೊತ್ತು ಬೇಕಾಯಿತು. ಅಂಗಳದ ಕೋಳಿಗಳಿಗೆ ಅಂದು ಒಳ್ಳೆ ಊಟ.

"ಇನ್ನೊಂದೇ ಬಾಕಿ," ಅಂದಳು ಸಾರನ್. "ಹೆಸರು."

"ನನಗೆ ಹೆಸರಿದೆಯಲ್ಲ!"

"ಅದು ನಿಮ್ಮೂರಿಂದು. ನಮ್ಮನೇಲಿ ಇದ್ಮೇಲೆ ನಮ್ಮನೆ ಹೆಸರೇ ಇಟ್ಕೋಬೇಕು."

ಸಾರನ್ ಅತ್ತಿತ್ತ ನೋಡಿದಳು. ಮಾವಿನ ಮರದ ಕೆಳಗೆ ಅಜ್ಜಿ ಕಡಲೆಕಾಯಿ ಸುಲಿಯುತ್ತಿದ್ದಳು. ಅವಳು ಸಾರನ್‌ನ ತಾತನ ಅಕ್ಕ; ಹುಟ್ಟಿದ್ದೂ ಇದೇ ಅಂಗಳದಲ್ಲಿ.

"ಇವತ್ತಿಂದ ನೀವು ನ್ಯೆಲೆ ಕುಲಿಬಾಲಿ," ಅಂದಳು ಸಾರನ್. ಅಜ್ಜಿಗೂ ಅದನ್ನು ತಿಳಿಸಿದಳು.

ಅಜ್ಜಿ ಮೇಡಂ ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಹೆಸರಾ? ಹಲ್ಲೆಲ್ಲಾ ಉದುರಿದ ಹೆಸರು ಅದು. ಹೋಗ್ಲಿ, ಹಲ್ಲಿರೋರ ಬಾಯಲ್ಲಿ ಸ್ವಲ್ಪ ದಿನ ಇರ್ಲಿ," ಎಂದು ಮೇಡಂ ಅವರ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಸಂಜೆ ಅಮ್ಮ ಬಂದು ಕೇಳಿದಳು: "ಅವರು ನಾಳೆ ಒಬ್ಬರೇ ಮಾರ್ಕೆಟ್‌ಗೆ ಹೋಗ್ತಾರಂತೆ. ಎಲ್ಲಾ ಹೇಳಿಕೊಟ್ಟಿದೀಯೇನೇ?"

"ಎಲ್ಲಾ ಹೇಳಿದೀನಿ ಅಮ್ಮ."

"ಎಲ್ಲಾನೂ?"

"ಎಲ್ಲಾ ಅಂದ್ರೆ ಎಲ್ಲಾ. ಆ ಗೈಡ್ ಬುಕ್ ಒಲೆಗೆ ಹಾಕಿದ್ರೂ ನಡೆಯುತ್ತೆ."

ಮರುದಿನ ಮಧ್ಯಾಹ್ನ ಸಾರನ್ ಸ್ಕೂಲಿನಿಂದ ಕುಣಿಯುತ್ತಾ ಬಂದಳು. ಮೇಡಂ ಏನೇನು ತಂದಿರಬಹುದು ಎಂದು ಯೋಚಿಸುತ್ತಾ ಅವರ ಕೋಣೆಗೆ ನುಗ್ಗಿದಳು. ಮೇಡಂ ಮಂಚದ ಮೇಲೆ ಕೂತು ಬಟ್ಟೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಿದ್ದರು. ಮೂಗು ಕೆಂಪಾಗಿತ್ತು. ಕಣ್ಣೂ ಕೆಂಪಾಗಿತ್ತು.

"ಧೂಳಾ ಮೇಡಂ? ಕಣ್ಣಿಗೆ ನೀರು ಹಾಕ್ಲಾ?"

"ಧೂಳಲ್ಲ," ಅಂದರು ಮೇಡಂ. "ಕೂತುಕೋ. ನಿನ್ನದೇನೂ ತಪ್ಪಿಲ್ಲ. ಆದರೆ ನಾನು ಇಲ್ಲಿರಲಾರೆ. ಹೋಟೆಲಿಗೆ ಹೋಗಿ, ಸಿಕ್ಕ ವಿಮಾನದಲ್ಲಿ ಊರಿಗೆ ಹೋಗುತ್ತೇನೆ."

"ಯಾಕೆ? ಏನಾಯ್ತು?"

ಮೇಡಂ ಮೂಗು ಒರೆಸಿಕೊಂಡರು. "ಬೆಳಿಗ್ಗೆ ಟ್ಯಾಕ್ಸಿ ಹತ್ತಿದೆ. ಡ್ರೈವರಿಗೆ ಚೆನ್ನಾಗಿ ನಮಸ್ಕಾರ ಮಾಡಿದೆ. ಮಕ್ಕಳನ್ನೂ ವಿಚಾರಿಸಿದೆ. ಅವನಿಗೆ ಬಹಳ ಸಂತೋಷವಾಯಿತು. ನಿಮ್ಮ ಹೆಸರೇನು ಅಂತ ಕೇಳಿದ. ನಾನು ಹೆಮ್ಮೆಯಿಂದ ನ್ಯೆಲೆ ಕುಲಿಬಾಲಿ ಅಂದೆ. ಅವನು ನಡುರಸ್ತೆಯಲ್ಲಿ ಬ್ರೇಕ್ ಹಾಕಿದ. 'ಕುಲಿಬಾಲಿಯಾ? ಇಳಿ ಕೆಳಗೆ! ಅಲಸಂದೆ ತಿನ್ನೋ ಜನ ಕೂತ್ರೆ ನನ್ನ ಗಾಡಿ ವಾರವೆಲ್ಲಾ ನಾರುತ್ತೆ' ಅಂದ."

"ಆಮೇಲೆ?"

"ಆಮೇಲೇನು, ಇಳಿದೆ."

"ಇಳಿದೇ ಬಿಟ್ರಾ?"

"ಇಳಿ ಅಂದರೆ ಇಳಿಯದೆ? ಅವನು ಏನೋ ಕೂಗುತ್ತಾ ಹಿಂದೆ ಬಂದ. ನಾನು ಓಡಿದೆ."

ಸಾರನ್ ತುಟಿ ಕಚ್ಚಿಕೊಂಡಳು. ಮೇಡಂ ಟೋಪಿ ಹಿಡಿದುಕೊಂಡು ಓಡುವುದು, ಹಿಂದೆ ಡ್ರೈವರ್ ಓಡುವುದು ಕಣ್ಣಿಗೆ ಕಟ್ಟಿತು.

"ಮಾರ್ಕೆಟ್ಟಿನಲ್ಲಿ ಬಟ್ಟೆ ಮಾರುವ ಹೆಂಗಸು ಹೆಸರು ಕೇಳಿದಳು. ಹೇಳಿದೆ. 'ಅಯ್ಯೋ, ಕುಲಿಬಾಲಿ ಬಂದ್ಲು, ಬುಟ್ಟಿ ಮುಚ್ಕೊಳ್ರೇ!' ಎಂದು ಕಿರುಚಿದಳು. ಆ ಸಾಲಿನ ಅಷ್ಟೂ ಹೆಂಗಸರು ಬುಟ್ಟಿಗಳನ್ನು ಸೆರಗಿನಿಂದ ಮುಚ್ಚಿ ನನ್ನನ್ನೇ ನೋಡಿ ನಕ್ಕರು. ಕಳ್ಳಿಯನ್ನು ನೋಡುವ ಹಾಗೆ! ನಾನು ನೇರವಾಗಿ ಪೊಲೀಸಿನವನ ಹತ್ತಿರ ಹೋಗಿ ದೂರು ಕೊಟ್ಟೆ."

"ಪೊಲೀಸ್‌ಗಾ!"

"ಅವನು ಹೆಸರು ಕೇಳಿದ. ಹೇಳಿದೆ. ಅವನು ಗಂಭೀರವಾಗಿ, 'ನನ್ನ ಹೆಸರು ಕೇಟಾ. ಬಾಯಿ ತೆಗಿ, ಹಲ್ಲಿನ ಸಂದೀಲಿ ಅಲಸಂದೆ ಇದೆಯಾ ನೋಡ್ಬೇಕು' ಅಂದ."

"ನೀವು... ನೀವು ತೆಗೆದ್ರಾ?"

"ತೆಗೆದೆ. ಪೊಲೀಸರು ಹೇಳಿದ ಮೇಲೆ!"

ಸಾರನ್‌ಗೆ ತಡೆಯಲಾಗಲಿಲ್ಲ. ನಗು ಮೂಗಿನಿಂದ ಮೊದಲು ಬಂತು, ಆಮೇಲೆ ಬಾಯಿಂದ ಬಂತು. ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದಳು. ಎದ್ದು ಕಣ್ಣೊರೆಸಿ ನೋಡಿದರೆ ಮೇಡಂ ಬೆರ್ತಿಲ್ ಅವಳನ್ನೇ ನೋಡುತ್ತಿದ್ದರು. ಮಡಿಸುತ್ತಿದ್ದ ಅಂಗಿ ಕೈಯಲ್ಲೇ ನಿಂತಿತ್ತು.

"ನೀನೂನಾ?" ಅಂದರು, ಮೆಲ್ಲಗೆ.

ಸಾರನ್‌ನ ನಗು ಅಲ್ಲೇ ಒಣಗಿತು.

"ಮೇಡಂ, ಅದು ಜೋಕ್ ಅಷ್ಟೇ. ಆ ಡ್ರೈವರೂ ಕೇಟಾನೇ ಇರ್ಬೇಕು. ಆ ಬಟ್ಟೆಯವಳೂ ಕೇಟಾ. ಅದು ಬೇರೆ ಮನೆತನ, ನಾವು ಕುಲಿಬಾಲಿಗಳು. ಕೇಟಾಗಳು ನಮ್ಮನ್ನ ಎಲ್ಲಿ ಕಂಡ್ರೂ ಅಲಸಂದೆ ತಿನ್ನೋರು ಅಂತ ಬಯ್ಯಬೇಕು, ನಾವೂ ಅವರನ್ನ ಹಾಗೇ ಬಯ್ಯಬೇಕು. ಯಾರೂ ಕೋಪ ಮಾಡ್ಕೋಬಾರ್ದು. ತಾತನ ತಾತನ ಕಾಲದಿಂದ ಹಾಗೇ."

"ಇದನ್ನು ನನಗೆ ಯಾಕೆ ಹೇಳಲಿಲ್ಲ?"

ಸಾರನ್ ಮರೆತಿರಲಿಲ್ಲ. ಹೇಳಬೇಕಾದ ಸಂಗತಿ ಅಂತ ಅನ್ನಿಸಿಯೇ ಇರಲಿಲ್ಲ. ಉಸಿರಾಡಿ ಅಂತ ಯಾರಾದರೂ ಹೇಳಿಕೊಡುತ್ತಾರಾ?

"ನಮ್ಮ ಮನೆತನದ ಹೆಸರಿಗೆ ನಮ್ಮ ಕಡೆ ಬಸವನಹುಳು ಅಂತ ಅರ್ಥ," ಅಂದರು ಮೇಡಂ, ಪೆಟ್ಟಿಗೆಯನ್ನೇ ನೋಡುತ್ತಾ. "ನಿನ್ನ ವಯಸ್ಸಿನಲ್ಲಿ ನನ್ನ ಸ್ಕೂಲ್ ಬ್ಯಾಗಿನಲ್ಲಿ ದಿನಾ ಬಸವನಹುಳು ಇರುತ್ತಿತ್ತು. ಹುಡುಗರು ಹಾಕುತ್ತಿದ್ದರು. ಅವರೂ ಜೋಕ್ ಅಂತಲೇ ಹೇಳುತ್ತಿದ್ದರು. ನಾನು ಟೀಚರಾದ ಮೇಲೆ, ಹೆಸರು ಹಿಡಿದು ಗೇಲಿ ಮಾಡಿದ ಒಂದು ಮಗುವನ್ನೂ ಸುಮ್ಮನೆ ಬಿಟ್ಟವಳಲ್ಲ. ಹೋಗು, ಒಂದು ಟ್ಯಾಕ್ಸಿ ಕರೆದುಕೊಂಡು ಬಾ ಕಂದ."

ಅಂಗಳದಲ್ಲಿ ಅಮ್ಮ ತಲೆಯ ಮೇಲೆ ಕೈ ಹೊತ್ತು ಕೂತಳು. "ನಮ್ಮ ಹುಡುಗನ ಜ್ವರ ಬಿಡಿಸಿದ ಹೆಂಗಸು! ಎಲ್ಲಾ ಹೇಳಿದೀನಿ ಅಂದ್ಯಲ್ಲೇ!"

ನ್ಯೆಲೆ ಅಜ್ಜಿ ಬಯ್ಯಲಿಲ್ಲ. ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು, ಅಷ್ಟೆ. "ಸಾರನ್," ಅಂದಳು, "ನನ್ನ ಹೆಸರು ಅವಳಿಗೆ ಕೊಟ್ಟೋಳು ನೀನು. ಈ ಅಂಗಳಕ್ಕೆ ಬಂದೋರು ಯಾರೂ ಅಳ್ತಾ ಹೋದದ್ದಿಲ್ಲ. ನನ್ನ ಹೆಸರು ಅಳ್ತಾ ಈ ಬಾಗಿಲು ದಾಟಬಾರ್ದು. ಅಷ್ಟು ನೋಡ್ಕೋ."

ಸಾರನ್ ಓಡಿದಳು.

ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹಳದಿ ಕಾರುಗಳು ಸಾಲಾಗಿ ನಿಂತಿದ್ದವು. "ಬಾ ಮಗು, ಎಲ್ಲಿಗೆ?" ಎಂದು ಮೊದಲನೆಯವನು ಬಾಗಿಲು ತೆಗೆದ.

"ನಿಮ್ಮ ಹೆಸರೇನು ಮಾಮ?"

"ತ್ರಾವೋರೆ."

"ಬೇಡ. ನನಗೆ ಕೇಟಾ ಬೇಕು. ಬೆಳಿಗ್ಗೆ ಒಬ್ಬ ಬಿಳಿ ಹೆಂಗಸನ್ನ ಇಳಿಸಿದ ಕೇಟಾ."

ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಓ, ಸಿರಿಮನ್! ಬೆಳಿಗ್ಗೆಯಿಂದ ಅದೇ ಕತೆ ಹೇಳ್ಕೊಂಡು ಕೂತಿದಾನೆ. ಅಗೋ, ಬೇವಿನ ಮರದ ಕೆಳಗೆ, ಆ ಮುರುಕಲು ಡಬ್ಬದೊಳಗೆ."

ಸಿರಿಮನ್ ಕೇಟಾ ಕಾಲನ್ನು ಕಾರಿನ ಕಿಟಕಿಯಿಂದ ಹೊರಗೆ ಚಾಚಿ ಮಲಗಿದ್ದ. ದೊಡ್ಡ ಹೊಟ್ಟೆ, ಅದರ ಮೇಲೆ ಸಣ್ಣ ಟೋಪಿ.

"ಏಯ್ ಕೇಟಾ! ಅಲಸಂದೆ ಮೂಟೆ!" ಎಂದು ಸಾರನ್ ಕೂಗಿದಳು.

"ಯಾರದು?" ಅವನು ಕಣ್ಣು ತೆರೆಯದೆಯೇ ಅಂದ. "ಈ ವಾಸನೆ ಕುಲಿಬಾಲಿದೇ."

"ನಾನು ಸಾರನ್ ಕುಲಿಬಾಲಿ. ಬೆಳಿಗ್ಗೆ ನೀನು ಇಳಿಸಿದ್ಯಲ್ಲ, ಅವರು ನಮ್ಮನೆ ಅತಿಥಿ."

ಸಿರಿಮನ್ ಎದ್ದು ಕೂತ. "ಅವಳಾ! ನಾನು ಇಳಿ ಅಂದ್ರೆ ನಿಜವಾಗ್ಲೂ ಇಳಿಯೋದಾ? ತಮಾಷೆಗೆ ಅಂದೆ ಕಣಮ್ಮ, ಬಾ ಅಂತ ಹಿಂದೆ ಓಡಿದೆ. ನನಗಿಂತ ಜೋರಾಗಿ ಓಡಿದ್ಲು! ಆ ವಯಸ್ಸಲ್ಲಿ! ಕುಲಿಬಾಲಿಗಳಿಗೆ ಅಲಸಂದೆ ಎಷ್ಟು ಶಕ್ತಿ ಕೊಡುತ್ತೆ ನೋಡು!"

"ಅವರು ಅಳ್ತಿದಾರೆ."

"ಏನು?"

"ಅಳ್ತಾ ಪೆಟ್ಟಿಗೆ ಕಟ್ತಿದಾರೆ. ಊರಿಗೆ ಹೋಗ್ತಾರಂತೆ. ಅವರಿಗೆ ಈ ಜೋಕ್ ಗೊತ್ತಿರ್ಲಿಲ್ಲ. ನಾನು ಹೇಳಿರ್ಲಿಲ್ಲ."

ಸಿರಿಮನ್‌ನ ಮುಖದಿಂದ ನಗು ಇಳಿದುಹೋಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಕುಲಿಬಾಲಿ ಒಬ್ಬಳು ನನ್ನಿಂದ ಅತ್ತಳಾ?" ಅಂದ. "ನಮ್ಮಮ್ಮನಿಗೆ ಗೊತ್ತಾದ್ರೆ ಈ ವರ್ಷ ನನಗೆ ಊಟ ಹಾಕಲ್ಲ. ಗಾಡಿ ಹತ್ತು, ಬೇಗ!"

ಕಾರು ಡರ್ರ್ ಬುರ್ರ್ ಎಂದು ಬೀದಿಯನ್ನೆಲ್ಲಾ ಎಬ್ಬಿಸುತ್ತಾ ಹೊರಟಿತು. ಮೇಡಂ ಪೆಟ್ಟಿಗೆ ಹಿಡಿದು ಅಂಗಳದ ಬಾಗಿಲಲ್ಲೇ ನಿಂತಿದ್ದರು. ಇಳಿದವನನ್ನು ಕಂಡದ್ದೇ ಒಂದು ಹೆಜ್ಜೆ ಹಿಂದೆ ಸರಿದರು.

ಸಿರಿಮನ್ ನೇರವಾಗಿ ಬಾಗಿಲ ಹತ್ತಿರ ಬಂದ. ಅದಕ್ಕೆ ಅಡ್ಡವಾಗಿ, ಧೂಳಿನಲ್ಲಿ, ಉದ್ದಕ್ಕೆ ಮಲಗಿಬಿಟ್ಟ.

"ಇವನಿಗೇನಾಯಿತು?" ಎಂದು ಮೇಡಂ ಗಾಬರಿಯಾದರು.

"ನನ್ನನ್ನ ದಾಟಿಕೊಂಡು ಹೋಗಿ ಮೇಡಂ ಕುಲಿಬಾಲಿ," ಅಂದ ಸಿರಿಮನ್, ಆಕಾಶ ನೋಡುತ್ತಾ. "ಕೇಟಾ ಬೇಡಿಕೊಂಡ್ರೆ ಕುಲಿಬಾಲಿ ಇಲ್ಲ ಅನ್ನೋ ಹಾಗಿಲ್ಲ. ನೀವು ಇಲ್ಲ ಅಂತೀರಾದ್ರೆ ದಾಟಿ ಹೋಗಿ. ಹೊಟ್ಟೆ ಮೇಲೆ ಕಾಲಿಡಬೇಡಿ, ಈಗಷ್ಟೇ ಉಂಡಿದೀನಿ."

ಅಷ್ಟರಲ್ಲಿ ಅಜ್ಜಿ ಕೋಲೂರಿಕೊಂಡು ಬಂದಳು. ಮಲಗಿದವನನ್ನು ಕೋಲಿನ ತುದಿಯಿಂದ ತಿವಿದಳು.

"ಯಾರೇ ಇದು, ನಮ್ಮ ಬಾಗಿಲಿಗೆ ಗುಡ್ಡ ತಂದು ಹಾಕಿದೋರು? ಎದ್ದೇಳೋ ಕೇಟಾ! ನಿಮ್ಮಪ್ಪನೂ ಹೀಗೇ, ಎಲ್ಲಿ ಉಂಡ್ರೆ ಅಲ್ಲೇ ಬೀಳ್ತಿದ್ದ!"

"ಅಜ್ಜಿ, ನಿನ್ನ ಹಲ್ಲೆಲ್ಲಾ ಎಲ್ಲಿ ಹೋಯ್ತು? ಅಲಸಂದೆ ಜೊತೆ ನುಂಗಿಬಿಟ್ಯಾ?"

"ನಿಮ್ಮಮ್ಮ ಬೇಯಿಸಿದ ಅಲಸಂದೆ ಕಡಿದು ಹೋಯ್ತು ಕಣೋ! ಕಲ್ಲು ಬೇಯಿಸ್ತಾಳೆ ಅವಳು!"

ಬೇಲಿಯಾಚೆ ಮಕ್ಕಳು ಸೇರಿದ್ದರು. ಸಾರನ್ ಒಂದೊಂದು ಮಾತನ್ನೂ ಮೇಡಂ ಅವರಿಗೆ ಫ್ರೆಂಚಿನಲ್ಲಿ ಹೇಳುತ್ತಾ ಹೋದಳು. ಮೇಡಂ ಒಮ್ಮೆ ಅಜ್ಜಿಯ ಮುಖ, ಒಮ್ಮೆ ಸಿರಿಮನ್‌ನ ಮುಖ ನೋಡುತ್ತಿದ್ದರು. ಅಜ್ಜಿಯ ಕಣ್ಣು ಹೊಳೆಯುತ್ತಿತ್ತು. ಆದರೂ ಮೇಡಂ ಪೆಟ್ಟಿಗೆ ಕೆಳಗಿಡಲಿಲ್ಲ.

ಸಿರಿಮನ್ ಎದ್ದು ಕೂತು ಧೂಳು ಕೊಡವಿಕೊಂಡ. ದನಿ ತಗ್ಗಿಸಿದ.

"ಮೇಡಂ, ನಮ್ಮಪ್ಪ ಸತ್ತಾಗ ನಮ್ಮಮ್ಮ ಅನ್ನ ಬಿಟ್ಟಿದ್ಲು. ನಾವು ಮಕ್ಕಳು ಬೇಡಿಕೊಂಡ್ವಿ, ಉಣ್ಣಲಿಲ್ಲ. ಊರ ಹಿರಿಯರು ಹೇಳಿದ್ರು, ಉಣ್ಣಲಿಲ್ಲ. ಆಗ ಪಕ್ಕದ ಬೀದಿಯ ಒಬ್ಬ ಕುಲಿಬಾಲಿ ಬಂದ. ಅಪ್ಪನ ಟೋಪಿ ಹಾಕ್ಕೊಂಡು, ಅಪ್ಪನ ಥರಾನೇ ಕೆಮ್ಮಿಕೊಂಡು, ಅಪ್ಪನ ಥರಾನೇ ಕಾಲೆಳ್ಕೊಂಡು ಅಂಗಳಕ್ಕೆ ಬಂದು, 'ಏಯ್, ಇವತ್ತೂ ಅಲಸಂದೆನೇನಾ?' ಅಂದ. ಸಾವಿನ ಮನೇಲಿ! ಬೇರೆ ಯಾರಾದ್ರೂ ಮಾಡಿದ್ರೆ ಹೊಡೆದು ಓಡಿಸ್ತಿದ್ವಿ. ನಮ್ಮಮ್ಮ ನಕ್ಕಳು. ಅಳ್ತಾ ನಕ್ಕಳು. ಆಮೇಲೆ ಆ ಕುಲಿಬಾಲಿ ಊಟ ಕಲಸಿ ಕೊಟ್ಟ. ಉಂಡಳು."

ಸಾರನ್‌ಗೂ ಇದು ಗೊತ್ತಿರಲಿಲ್ಲ. ಅವಳು ಕಂಡದ್ದೆಲ್ಲಾ ಬೈಗುಳವೇ.

ಮೇಡಂ ಪೆಟ್ಟಿಗೆ ಕೆಳಗಿಟ್ಟರು. "ಬೆಳಿಗ್ಗೆ ನೀನು ಇಳಿ ಅಂದೆಯಲ್ಲ," ಎಂದು ನಿಧಾನವಾಗಿ ಕೇಳಿದರು, "ಆಗ ನಾನು ಏನು ಮಾಡಬೇಕಿತ್ತು?"

"ವಾಪಸ್ ಕೊಡ್ಬೇಕಿತ್ತು!" ಸಿರಿಮನ್ ಕೈ ಚಾಚಿದ. "ನಾನು ಬೈದು ಸುಮ್ನೆ ಕೂತಿದ್ದೆ. ನೀವು ವಾಪಸ್ ಕೊಡ್ತೀರಿ ಅಂತ ಕಾಯ್ತಿದ್ದೆ. ನೀವು ಓಡಿ ಹೋದ್ರಿ. ಅದು ನ್ಯಾಯಾನಾ?"

ಮೇಡಂ ಬೆರ್ತಿಲ್ ಸಾರನ್ ಕಡೆ ತಿರುಗಿದರು. ಸಾರನ್‌ಗೆ ಬೇರೆ ಹೇಳಬೇಕಾಗಲಿಲ್ಲ. ಅವರ ಕಿವಿಯಲ್ಲಿ ಪಿಸುಗುಟ್ಟಿದಳು. ಮೇಡಂ ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ನಿಂತ ಹಾಗೆ ನೆಟ್ಟಗೆ ನಿಂತು, ಅಂದರು:

"ನೀನೇ ಅಲಸಂದೆ ತಿನ್ನುವವನು."

"ಇಷ್ಟೇನಾ?" ಸಿರಿಮನ್ ಕಿವಿಯಲ್ಲಿ ಬೆರಳಾಡಿಸಿದ. "ನಮ್ಮನೆ ಪಾಪು ಇದಕ್ಕಿಂತ ಚೆನ್ನಾಗಿ ಬೈಯುತ್ತೆ. ಟೀಚರಂತೆ!"

ಮೇಡಂ ಅವರ ಕೆನ್ನೆ ಕೆಂಪಾಯಿತು. ಕಾರಿನ ಕಡೆ ಒಮ್ಮೆ ನೋಡಿದರು.

"ನಿನ್ನ ಕಾರು ದಾರಿಯುದ್ದಕ್ಕೂ ಡರ್ ಬುರ್ ಅನ್ನುತ್ತದಲ್ಲ," ಅಂದರು. "ನೀನು ತಿಂದು ಉಳಿದ ಅಲಸಂದೆಯನ್ನು ಪೆಟ್ರೋಲ್ ಬದಲು ಅದಕ್ಕೇ ಹಾಕುತ್ತೀಯೇನು?"

ಇದನ್ನು ಸಾರನ್ ಹೇಳಿಕೊಟ್ಟಿರಲಿಲ್ಲ. ಬೇಲಿಯಾಚೆಯ ಮಕ್ಕಳು ಹೋ ಎಂದು ಕೂಗಿದರು. ಸಿರಿಮನ್ ಎದೆ ಹಿಡಿದುಕೊಂಡು ಮತ್ತೆ ಧೂಳಿಗೆ ಬಿದ್ದ. "ಸತ್ತೆ! ಕುಲಿಬಾಲಿ ಕೊಂದಳು! ಪೊಲೀಸ್!"

"ಏನಂದ್ಲೇ? ಏನಂದ್ಲು?" ಅಜ್ಜಿ ಸಾರನ್‌ನ ತೋಳು ಹಿಡಿದು ಅಲ್ಲಾಡಿಸಿದಳು. ಸಾರನ್ ಬಂಬಾರದಲ್ಲಿ ಹೇಳಿದ್ದೇ ತಡ, ಹಲ್ಲಿಲ್ಲದ ಬಾಯಿ ಇಷ್ಟಗಲ ತೆರೆಯಿತು. "ಇವಳು ನನ್ನ ಹೆಸರಿನೋಳೇ!" ಎಂದು ಕೋಲಿನಿಂದ ನೆಲ ಕುಟ್ಟಿದಳು.

ಮೇಡಂ ನಗುತ್ತಿದ್ದರು. ಕಣ್ಣಿನಿಂದ ನೀರೂ ಬರುತ್ತಿತ್ತು. ಅದು ಯಾವ ನೀರು ಎಂದು ಸಾರನ್‌ಗೆ ತಿಳಿಯಲಿಲ್ಲ. ಅಮ್ಮ ಪೆಟ್ಟಿಗೆಯನ್ನು ಮೆಲ್ಲಗೆ ಒಳಗೆ ಒಯ್ದಳು. 'ಹೋಗ್ತೀನಿ' ಎಂದ ಸಿರಿಮನ್ ಮೂರನೆಯ ಲೋಟ ಟೀ ಮುಗಿಯುವವರೆಗೂ ಏಳಲಿಲ್ಲ.

ಆ ಮೇಲಿನ ದಿನಗಳಲ್ಲಿ ಮೇಡಂ ದಿನಾ ಹೊರಗೆ ಹೋದರು. ಸಂಜೆ ಬಂದು ಅಂದಿನ ಲೆಕ್ಕ ಒಪ್ಪಿಸುತ್ತಿದ್ದರು: ಪೋಸ್ಟಾಫೀಸಿನಲ್ಲಿ ಒಬ್ಬ ಕೇಟಾ, ಸೇತುವೆಯ ಹತ್ತಿರ ಮೀನು ಮಾರುವವಳು ಇನ್ನೊಬ್ಬಳು. ಪೋಸ್ಟಾಫೀಸಿನವನಿಗೆ ಚೆನ್ನಾಗಿ ಕೊಟ್ಟೆ, ಮೀನಿನವಳ ಮುಂದೆ ಸೋತೆ ಎನ್ನುತ್ತಿದ್ದರು. ಆದರೆ ಯಾರಾದರೂ 'ಕುಲಿಬಾಲಿ!' ಎಂದು ಹಿಂದಿನಿಂದ ಕೂಗಿದರೆ ಅವರ ಭುಜ ಒಮ್ಮೆ ಬಿಗಿಯಾಗುವುದನ್ನು ಸಾರನ್ ನೋಡಿದ್ದಳು. ಆಮೇಲಷ್ಟೇ ನಗು ಬರುತ್ತಿತ್ತು. ಅವರ ಜೊತೆ ನಡೆಯುವಾಗ, ಆ ಕೂಗು ಬರುವ ಮುಂಚೆಯೇ ಸಾರನ್ ಅವರ ಕೈ ಹಿಡಿದುಕೊಳ್ಳುತ್ತಿದ್ದಳು.

ಭಾನುವಾರ ಸಂಜೆ ಇಬ್ಬರೂ ಮಾವಿನ ಮರದ ಕೆಳಗೆ ಕೂತಿದ್ದರು. ಪುಂಡಿ ಹೂವಿನ ಶರಬತ್ತು ಕುಡಿದು ಇಬ್ಬರ ನಾಲಿಗೆಯೂ ಕೆಂಪಾಗಿತ್ತು.

"ಮೇಡಂ, ನಾನು ದೊಡ್ಡವಳಾದ್ಮೇಲೆ ನಿಮ್ಮೂರಿಗೆ ಬರ್ತೀನಿ."

"ಬಾ. ನಮ್ಮ ಮನೆಯಲ್ಲೇ ಇರು."

"ಅಲ್ಲಿ ನನಗೆ ಯಾರೂ ಹೇಳದೆ ಬಿಟ್ಟುಬಿಡೋದು ಏನಿದೆ? ಈಗ್ಲೇ ಹೇಳಿಬಿಡಿ."

ಮೇಡಂ ಬೆರ್ತಿಲ್ ಬಹಳ ಹೊತ್ತು ಯೋಚಿಸಿದರು. ಕೋಳಿಗಳು ಗೂಡು ಸೇರಿದವು. ಬೀದಿಯ ಕೊನೆಯಲ್ಲಿ ಪ್ರಾರ್ಥನೆಯ ಕರೆ ಕೇಳಿಸಿತು.

"ಗೊತ್ತಿಲ್ಲ ಸಾರನ್," ಅಂದರು ಕೊನೆಗೆ. "ನೀನು ಬಂದು ಒಂದು ದಿನ ಅಳುತ್ತೀಯಲ್ಲ, ಆಗ ನನಗೂ ಗೊತ್ತಾಗುತ್ತದೆ."

ಸಾರನ್ ನಗಲಿಲ್ಲ. ತಲೆಯಾಡಿಸಿದಳು. ಸ್ವಲ್ಪ ಸರಿದು, ಅವರಿಗೆ ಒರಗಿ ಕೂತಳು.

ಮೇಡಂ ಬೆರ್ತಿಲ್ ಹೊರಟದ್ದು ಸೋಮವಾರ ಬೆಳಿಗ್ಗೆ. ಬೀದಿಯ ನಲ್ಲಿಯಿಂದಾಚೆಗೆ ಎಷ್ಟೋ ವರ್ಷಗಳಿಂದ ಕಾಲಿಡದ ಅಜ್ಜಿ ಅಂದು ದೊಡ್ಡ ರಸ್ತೆಯವರೆಗೂ ಬಂದಳು. ಒಬ್ಬಳು ನ್ಯೆಲೆ ಕುಲಿಬಾಲಿ ಟ್ಯಾಕ್ಸಿ ಹತ್ತಿದಳು. ಇನ್ನೊಬ್ಬಳು ನ್ಯೆಲೆ ಕುಲಿಬಾಲಿ ಧೂಳು ಇಳಿಯುವವರೆಗೂ ಸಾರನ್‌ನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಳು.